ಮುಂಗುರುಳು: ಕತ್ತರಿ ಹಿಡಿಯುವ ಮುನ್ನ ಸ್ವಲ್ಪ ಇತಿಹಾಸ



ವಿಜ್ಞಾನ ಮತ್ತು ಸಮಾಜ ಕುರಿತ ಒಂದು ಚರ್ಚೆಯ ಚಿತ್ರೀಕರಣ ಮುಗಿದ ಸಂಜೆ ಈ ಲೇಖನದ ಬೀಜ ಬಿತ್ತು. ಪ್ರೇಕ್ಷಕರ ಸಾಲಿನಲ್ಲಿ ಕುಳಿತಿದ್ದ ಒಬ್ಬ ಪಿಯುಸಿ ಹುಡುಗಿ ಎಲ್ಲರೂ ಹೊರಟ ಮೇಲೆ ಮೇಕಪ್ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ಚರ್ಚೆಯ ವೇಳೆ ಒಂದು ಪ್ರಶ್ನೆಯನ್ನೂ ಕೇಳದಿದ್ದವಳು. "ಮೇಡಂ, ಒಂದು ವಿಷಯ ಕೇಳಲಾ? ನಗಬಾರದು" ಎಂದಳು. ಅವಳದು ಅಲೆ ಅಲೆಯಾದ ದಟ್ಟ ಕೂದಲು. ಎಣ್ಣೆ ಹಚ್ಚಿ ಬಿಗಿಯಾಗಿ ಹೆಣೆದಿದ್ದರೂ ಹಣೆಯ ಸುತ್ತ ನೂರಾರು ಎಳೆಗಳು ಕೆದರಿ ನಿಂತಿದ್ದವು. "ಹಣೆ ಮೇಲೆ ಕೂದಲು ಬರೋ ಹಾಗೆ ಮುಂದೆ ಕತ್ತರಿಸಿಕೋಬೇಕು ಅಂತ ಆಸೆ. ನನ್ನಂಥ ಕೂದಲಿಗೆ ಅದು ಆಗತ್ತಾ? ಗೆಳತಿಯರು ಬೇಡ ಅಂತಾರೆ, ಅಮ್ಮ ಬೈತಾರೆ."

ನಾನು ನಗಲಿಲ್ಲ. ಆದರೆ ಉತ್ತರವನ್ನೂ ಕೊಡಲಿಲ್ಲ. ದೀಪಗಳನ್ನು ಆರಿಸುವ ಗಡಿಬಿಡಿ. "ಓದಿನ ಕಡೆ ಗಮನ ಕೊಡಮ್ಮ" ಎಂದುಬಿಟ್ಟೆ. ನನ್ನ ಹದಿನೇಳನೆಯ ವಯಸ್ಸಿನಲ್ಲಿ ಯಾರಾದರೂ ನನಗೆ ಹಾಗೆ ಹೇಳಿದ್ದರೆ ಎಷ್ಟು ಸಿಟ್ಟು ಬರುತ್ತಿತ್ತು ಎಂದು ನೆನಪಾದದ್ದು ಬಸ್ಸಿನಲ್ಲಿ ಕುಳಿತ ಮೇಲೆ. ಅವಳ ಪ್ರಶ್ನೆ ಚಿಕ್ಕದಾಗಿತ್ತು, ಕ್ಷುಲ್ಲಕವಾಗಿರಲಿಲ್ಲ. ಅದರಲ್ಲಿ ಚರಿತ್ರೆಯೂ ಇತ್ತು, ವಿಜ್ಞಾನವೂ ಇತ್ತು. ಆ ದಿನ ಕೊಡದ ಉತ್ತರವನ್ನು ಈ ಪುಟಗಳಲ್ಲಿ ಕೊಡುತ್ತಿದ್ದೇನೆ. ಇದು ಅವಳಿಗೂ, ಅವಳಂತೆ ಕನ್ನಡಿಯ ಮುಂದೆ ನಿಂತು ಯೋಚಿಸುತ್ತಿರುವ ನಿಮಗೂ.

ಹೊಸ ಫ್ಯಾಷನ್ನಿಗೆ ಹಳೆಯ ಹೆಸರು

ಹಣೆಯ ಮೇಲೆ ಇಳಿಬಿಡುವ ಕೂದಲನ್ನು ಇಂದು ನೀವು ಫ್ರಿಂಜ್ ಎನ್ನುತ್ತೀರಿ, ಬ್ಯಾಂಗ್ಸ್ ಎನ್ನುತ್ತೀರಿ. ಹೆಸರು ಹೊರಗಿನದಾದ್ದರಿಂದ ವಸ್ತುವೂ ಹೊರಗಿನದೆಂದು ಮನೆಯ ಹಿರಿಯರು ತಿಳಿಯುತ್ತಾರೆ. ಆದರೆ ಕನ್ನಡದಲ್ಲಿ ಇದಕ್ಕೆ ಬಹಳ ಹಿಂದಿನಿಂದ ಒಂದು ಚೆಲುವಾದ ಪದವಿದೆ: ಮುಂಗುರುಳು. 'ಕುರುಳು' ಎಂದರೆ ಸುರುಳಿಗೊಂಡ ಕೂದಲು. ಮುಂದೆ, ಹಣೆಯ ಮೇಲೆ ಬಿದ್ದದ್ದು ಮುಂಗುರುಳು. ಸಂಸ್ಕೃತದ ಅಮರಕೋಶವು ಗುಂಗುರು ಕೂದಲಿಗೆ 'ಅಲಕ' ಎಂದೂ, ಅದೇ ಹಣೆಯ ಮೇಲೆ ಬಂದಾಗ 'ಭ್ರಮರಕ' ಎಂದೂ ಬೇರೆ ಹೆಸರನ್ನೇ ಕೊಡುತ್ತದೆ. ಭ್ರಮರವೆಂದರೆ ದುಂಬಿ. ಹಣೆಯ ಮೇಲೆ ಸಾಲಾಗಿ ಕುಳಿತ ಕಪ್ಪು ದುಂಬಿಗಳನ್ನು ಕಲ್ಪಿಸಿಕೊಳ್ಳಿ.

ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ನಮ್ಮ ಹಳೆಯ ಪದಗಳು ವರ್ಣಿಸುವುದು ನೇರವಾದ, ರೇಷ್ಮೆ ದಾರದಂಥ ಕೂದಲನ್ನಲ್ಲ, ಸುರುಳಿಗೊಂಡದ್ದನ್ನು. ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ಹೊಯ್ಸಳ ವಿಷ್ಣುವರ್ಧನ 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯಕ್ಕೆ ನೀವು ಶಾಲಾ ಪ್ರವಾಸದಲ್ಲಿ ಹೋಗಿರಬಹುದು. ಅಲ್ಲಿನ ಬಳಪದ ಕಲ್ಲಿನ 42 ಮದನಿಕೆಯರಲ್ಲಿ ಒಬ್ಬಳು ಕನ್ನಡಿ ಹಿಡಿದು ತನ್ನನ್ನೇ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳು ತಲೆಗೂದಲ ಸಿಂಗಾರದಲ್ಲಿ ಮೈಮರೆತಿದ್ದಾಳೆ. ಕನ್ನಡಿ ಹಿಡಿದವಳನ್ನು ನಾವು ದರ್ಪಣ ಸುಂದರಿ ಎನ್ನುತ್ತೇವೆ. ಈ ಮದನಿಕೆಯರನ್ನೇ ಕುರಿತು ಡಿ.ವಿ.ಗುಂಡಪ್ಪನವರು 'ಅಂತಃಪುರ ಗೀತೆ' ಬರೆದರು. ಮುಂದಿನ ಸಲ ಹೋದಾಗ ಒಡವೆಗಳ ಸೂಕ್ಷ್ಮವನ್ನು ನೋಡಿ ಮುಂದೆ ಸಾಗಬೇಡಿ, ಹಣೆಯ ಅಂಚನ್ನೂ ಗಮನಿಸಿ.

ಇನ್ನೂ ಹಿಂದಕ್ಕೆ ಹೋಗೋಣ. ಗಂಗರ ಮಂತ್ರಿ ಚಾವುಂಡರಾಯ ಸುಮಾರು 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ಕಡೆಯಿಸಿದ ಗೊಮ್ಮಟ ಮೂರ್ತಿಯ ಎತ್ತರ ಸುಮಾರು 58 ಅಡಿ. ಮೈಮೇಲೆ ಬಟ್ಟೆಯಿಲ್ಲ, ಒಡವೆಯಿಲ್ಲ, ಎಲ್ಲವನ್ನೂ ತ್ಯಜಿಸಿ ನಿಂತ ವಿರಾಗಿ. ಆ ಮಹಾಮೂರ್ತಿಯ ತಲೆಯ ತುಂಬ ಶಿಲ್ಪಿ ಕೆತ್ತಿರುವುದು ಪುಟ್ಟ ಪುಟ್ಟ ಗುಂಗುರುಗಳನ್ನು. ಅಷ್ಟು ಎತ್ತರದ ಆ ತಲೆಯ ಮೇಲಿರುವುದೂ ಗುಂಗುರು ಕೂದಲೇ. "ನಿನ್ನ ಕೂದಲು ಸರಿಯಿಲ್ಲ" ಎಂದು ಯಾರಾದರೂ ಹೇಳಿದಾಗ ಇದನ್ನು ನೆನಪಿಸಿಕೊಳ್ಳಿ.

1960ರ ಒಂದು ಕತ್ತರಿ

ಹಾಗಾದರೆ ಹಣೆಯ ಮೇಲೆ ನೇರವಾಗಿ ಕತ್ತರಿಸಿ ಬಿಡುವ ಪದ್ಧತಿ ನಮ್ಮಲ್ಲಿ ಯಾವಾಗ ಮನೆಮಾತಾಯಿತು? ನಿಮ್ಮ ಅಜ್ಜಿಯನ್ನು ಕೇಳಿ ನೋಡಿ. ಎಪ್ಪತ್ತು ದಾಟಿದ ಅಜ್ಜಿಯಾದರೆ ಒಂದೇ ಮಾತಿನಲ್ಲಿ "ಸಾಧನಾ ಕಟ್" ಎಂದಾರು.

ಸಾಧನಾ ಶಿವದಾಸಾನಿ 1941ರಲ್ಲಿ ಕರಾಚಿಯಲ್ಲಿ ಹುಟ್ಟಿದವರು. ದೇಶ ವಿಭಜನೆಯ ನಂತರ ಕುಟುಂಬ ಮುಂಬಯಿಗೆ ಬಂತು. 1958ರಲ್ಲಿ 'ಅಬಾನಾ' ಎಂಬ ಸಿಂಧಿ ಚಿತ್ರದಲ್ಲಿ ನಟಿಸಿದರು. 1960ರಲ್ಲಿ ಆರ್.ಕೆ.ನಯ್ಯರ್ ನಿರ್ದೇಶನದ ಹಿಂದಿ ಚಿತ್ರ 'ಲವ್ ಇನ್ ಶಿಮ್ಲಾ'ದಲ್ಲಿ ನಾಯಕಿಯಾದರು. ಅವರ ಹಣೆ ಅಗಲವಾಗಿತ್ತು. ಕ್ಯಾಮೆರಾದ ಕಣ್ಣಿಗೆ ಅದು ಇನ್ನಷ್ಟು ಅಗಲವಾಗಿ ಕಾಣುತ್ತಿತ್ತು. ಅದನ್ನು ಮರೆಮಾಡಲು ಕೂದಲಂಚಿಗೆ ಪಟ್ಟಿ ಅಂಟಿಸಿ ನೋಡಿದರು, ಸರಿಹೋಗಲಿಲ್ಲ. ಕೊನೆಗೆ ನಯ್ಯರ್ ಅವರಿಗೆ ಹಾಲಿವುಡ್‌ನ ಆಡ್ರೆ ಹೆಪ್‌ಬರ್ನ್ ನೆನಪಾದರು. 1953ರ 'ರೋಮನ್ ಹಾಲಿಡೇ' ಚಿತ್ರದಲ್ಲಿ ಹೆಪ್‌ಬರ್ನ್ ಅವರದು ರಾಜಕುಮಾರಿಯ ಪಾತ್ರ. ಅರಮನೆಯ ಕಟ್ಟುಪಾಡಿನಿಂದ ಒಂದು ದಿನದ ಮಟ್ಟಿಗೆ ತಪ್ಪಿಸಿಕೊಂಡ ಆಕೆ ರೋಮ್ ನಗರದ ಕ್ಷೌರದಂಗಡಿಗೆ ನುಗ್ಗಿ ತನ್ನ ಉದ್ದ ಕೂದಲನ್ನು ಕತ್ತರಿಸಿಕೊಳ್ಳುತ್ತಾಳೆ. ಹಣೆಯ ಮೇಲೆ ಗಿಡ್ಡ ಮುಂಗುರುಳು ಉಳಿಯುತ್ತದೆ. ಅದೇ ಬಗೆಯಲ್ಲಿ ಸಾಧನಾ ಅವರ ಕೂದಲನ್ನೂ ಕತ್ತರಿಸಲಾಯಿತು.

ಚಿತ್ರ ಗೆದ್ದಿತು, ಕೂದಲೂ ಗೆದ್ದಿತು. ದೆಹಲಿಯಿಂದ ಧಾರವಾಡದವರೆಗೆ ಕಾಲೇಜು ಹುಡುಗಿಯರು 'ಸಾಧನಾ ಕಟ್' ಕೇಳತೊಡಗಿದರು. ಮಹಿಳೆಯರ ಬ್ಯೂಟಿ ಪಾರ್ಲರುಗಳು ಅಪರೂಪವಾಗಿದ್ದ ಊರುಗಳಲ್ಲಿ ಅಕ್ಕ ತಂಗಿಯ ಕೂದಲನ್ನು, ಗೆಳತಿ ಗೆಳತಿಯ ಕೂದಲನ್ನು ಹೊಲಿಗೆಯ ಕತ್ತರಿಯಿಂದ ಕತ್ತರಿಸಿದರು.

ಕಥೆಯ ಇನ್ನೊಂದು ಅರ್ಧವನ್ನು ಜನ ಅಷ್ಟಾಗಿ ಹೇಳುವುದಿಲ್ಲ. ಅದೇ 1960ರಲ್ಲಿ ಬಿಮಲ್ ರಾಯ್ ಅವರ 'ಪರಖ್' ಚಿತ್ರವೂ ತೆರೆಕಂಡಿತು. ಅದರಲ್ಲಿ ಸಾಧನಾ ಹಳ್ಳಿಯ ಸರಳ ಹುಡುಗಿ. ಆ ಪಾತ್ರಕ್ಕೆ ಮುಂಗುರುಳು ಹೊಂದುವುದಿಲ್ಲವೆಂದು ಕೂದಲನ್ನು ಹಿಂದಕ್ಕೆ ಬಾಚಿ ಕಟ್ಟಲಾಯಿತು. ಅಗಲವಾದ ಹಣೆ ಪೂರ್ತಿ ಕಂಡಿತು. ಅದರಿಂದ ಚಿತ್ರಕ್ಕಾಗಲಿ ಅವರಿಗಾಗಲಿ ಏನೂ ನಷ್ಟವಾಗಲಿಲ್ಲ. ಒಂದೇ ವರ್ಷ, ಒಂದೇ ಹಣೆ, ಎರಡು ತೀರ್ಮಾನ. ಮುಚ್ಚಬೇಕಾದ ದೋಷ ಆ ಹಣೆಯಲ್ಲಿ ಇರಲೇ ಇಲ್ಲ ಎಂಬುದಕ್ಕೆ ಇದಕ್ಕಿಂತ ಪುರಾವೆ ಬೇಕೆ? 2015ರ ಡಿಸೆಂಬರ್ 25ರಂದು ಸಾಧನಾ ತೀರಿಕೊಂಡಾಗ ಬಹಳಷ್ಟು ಪತ್ರಿಕೆಗಳು ನೆನೆದದ್ದು ಆ ಮುಂಗುರುಳನ್ನೇ.

ನಮ್ಮ ಮನೆಯ ಜಗಲಿಯಲ್ಲಿ

ಈಗ ನಮ್ಮ ಮನೆಯ ಒಂದು ಪ್ರಸಂಗವನ್ನು ಹೇಳಬೇಕು. ನಾನಾಗ ಹುಟ್ಟಿರಲಿಲ್ಲ. ದೊಡ್ಡಮ್ಮನ ಬಾಯಿಂದ ಹಲವು ಸಲ ಕೇಳಿದ್ದೇನೆ.

1964. ಮಲೆನಾಡಿನ ಒಂದು ಹಳ್ಳಿ. ಹದಿನೇಳು ವರ್ಷದ ದೊಡ್ಡಮ್ಮ ಪೇಟೆಯ ಕಾಲೇಜಿನಿಂದ ರಜೆಗೆ ಬಂದಿದ್ದರು, ಹಣೆಯ ಮೇಲೆ ಸಾಧನಾ ಕಟ್ ಇತ್ತು. ಅದನ್ನು ಕಂಡ ಅಜ್ಜನ ಕೋಪಕ್ಕೆ ಮಿತಿಯಿರಲಿಲ್ಲ. "ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು" ಎಂಬ ಗಾದೆಯಿಂದ ಶುರುವಾದದ್ದು "ಇನ್ನು ಕಾಲೇಜು ಸಾಕು" ಎಂಬಲ್ಲಿಗೆ ಬಂದು ನಿಂತಿತು. ಜಗಲಿಯಲ್ಲಿ ಎಲ್ಲರೂ ಮೌನ. ಮೂಲೆಯಲ್ಲಿ ಬತ್ತಿ ಹೊಸೆಯುತ್ತ ಕೂತಿದ್ದವರು ಅಜ್ಜನ ಸೋದರತ್ತೆ, ಮನೆಯವರೆಲ್ಲ ದೊಡ್ಡತ್ತೆ ಎಂದು ಕರೆಯುತ್ತಿದ್ದ ಎಂಬತ್ತರ ಮುದುಕಿ. ಹನ್ನೊಂದನೆಯ ವಯಸ್ಸಿಗೆ ಗಂಡನನ್ನು ಕಳೆದುಕೊಂಡವರು. ಮೈನೆರೆದ ಮೇಲೆ ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಅಂದಿನಿಂದ ತಲೆಯ ಮೇಲೆ ಸೆರಗು, ಸೆರಗಿನ ಕೆಳಗೆ ಬೋಳು.

ಅವರು ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ. ತಲೆ ಎತ್ತದೆಯೇ ಹೇಳಿದರಂತೆ: "ಅವಳ ಕೂದಲು, ಅವಳೇ ಕತ್ತರಿಸಿಕೊಂಡಳು. ನನ್ನದನ್ನು ತೆಗೆಯುವಾಗ ನನ್ನನ್ನು ಕೇಳಿದವರು ಯಾರು?"

ಅಜ್ಜ ಎದ್ದು ತೋಟಕ್ಕೆ ಹೋದರು. ರಜೆ ಮುಗಿದ ಮೇಲೆ ದೊಡ್ಡಮ್ಮ ಕಾಲೇಜಿಗೆ ಹೋದರು.

ವಿದ್ಯಾರ್ಥಿಗಳೇ, ದೊಡ್ಡತ್ತೆ ಒಬ್ಬರೇ ಅಲ್ಲ. ಕೆಲವು ಸಮುದಾಯಗಳಲ್ಲಿ, ಮುಖ್ಯವಾಗಿ ಬ್ರಾಹ್ಮಣ ಮನೆಗಳಲ್ಲಿ, ವಿಧವೆಯ ತಲೆ ಬೋಳಿಸುವುದು 20ನೇ ಶತಮಾನದಲ್ಲೂ ನಡೆದಿತ್ತು. ಎಂ.ಕೆ.ಇಂದಿರಾ ಅವರ 'ಫಣಿಯಮ್ಮ' ಕಾದಂಬರಿ 1976ರಲ್ಲಿ ಪ್ರಕಟವಾಯಿತು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಮಲೆನಾಡಿನ ಒಬ್ಬ ಬಾಲವಿಧವೆಯ ಬದುಕೇ ಅದರ ವಸ್ತು. ಮೈಸೂರು ಸಂಸ್ಥಾನ 1894ರಲ್ಲೇ ಎಂಟು ವರ್ಷದೊಳಗಿನ ಹೆಣ್ಣುಮಕ್ಕಳ ಮದುವೆಯನ್ನು ತಡೆಯುವ ಕಾನೂನು ತಂದಿತ್ತು. ಆದರೆ ಎಂಟು ದಾಟಿದವರಿಗೆ ಅದರ ಆಸರೆ ಸಿಗುತ್ತಿರಲಿಲ್ಲ.

ಇದನ್ನು ವಿರೋಧಿಸಿದವರಲ್ಲಿ ಒಂದು ಗುಂಪನ್ನು ನಮ್ಮ ಪಠ್ಯಪುಸ್ತಕಗಳು ಹೆಚ್ಚಾಗಿ ನೆನೆಯುವುದಿಲ್ಲ. ಅವರೇ ಮುಂಬಯಿಯ ಕ್ಷೌರಿಕರು. 1890ರಲ್ಲಿ, ಜ್ಯೋತಿಬಾ ಫುಲೆಯವರ ಸಂಗಾತಿ ನಾರಾಯಣ ಮೇಘಾಜಿ ಲೋಖಂಡೆಯವರ ಮುಂದಾಳತ್ವದಲ್ಲಿ ಅವರು ಸಭೆ ಸೇರಿ, ಇನ್ನು ಮುಂದೆ ವಿಧವೆಯರ ತಲೆ ಬೋಳಿಸುವುದಿಲ್ಲವೆಂದು ತೀರ್ಮಾನಿಸಿದರು. ಕತ್ತಿ ಹಿಡಿದ ಕೈಯೇ ಬೇಡವೆಂದಿತು. ದಿನದ ದುಡಿಮೆಯಿಂದ ಹೊಟ್ಟೆ ಹೊರೆಯುವವರು ಆ ಕೆಲಸದ ಕೂಲಿಯನ್ನು ಬಿಟ್ಟುಕೊಡಲು ಸಿದ್ಧರಾದರು ಎಂಬುದನ್ನು ಮರೆಯಬಾರದು.

ಇದು ನಮ್ಮ ದೇಶದ ಮಾತಷ್ಟೇ ಅಲ್ಲ. ಅಮೆರಿಕದಲ್ಲಿ ಆಫ್ರಿಕನ್ ಮೂಲದವರು ತಮ್ಮ ಸಹಜ ಗುಂಗುರು ಕೂದಲಿನ ಕಾರಣಕ್ಕೆ ಶಾಲೆಗಳಲ್ಲಿ, ಕಚೇರಿಗಳಲ್ಲಿ ತಾರತಮ್ಯ ಅನುಭವಿಸಿದ್ದಾರೆ. ಅಂಥ ತಾರತಮ್ಯವನ್ನು ನಿಷೇಧಿಸುವ 'ಕ್ರೌನ್ ಆಕ್ಟ್' ಎಂಬ ಕಾನೂನನ್ನು ಆ ದೇಶದ ರಾಜ್ಯಗಳಲ್ಲಿ ಮೊದಲು ತಂದದ್ದು ಕ್ಯಾಲಿಫೋರ್ನಿಯಾ, ಅದೂ 2019ರಲ್ಲಿ.

ಆದ್ದರಿಂದ ಮುಂಗುರುಳು ಬೇಕೋ ಬೇಡವೋ ಎಂದು ನೀವು ಯೋಚಿಸುತ್ತಿರುವುದೇ ಒಂದು ಹಕ್ಕನ್ನು ಚಲಾಯಿಸಿದಂತೆ. ಅದು ದೊಡ್ಡತ್ತೆಗೆ ಸಿಗದೇ ಹೋದದ್ದು. ಸಿಕ್ಕಿದ್ದನ್ನು ತಿಳಿದು ಬಳಸಬೇಕು. ತಿಳಿಯುವುದಕ್ಕೆ ವಿಜ್ಞಾನದ ಬಾಗಿಲು ತಟ್ಟೋಣ.

ಕೂದಲೆಂಬ ಮಾಪಕ

ಜಿನೀವಾ ನಗರದ ವಿಜ್ಞಾನಿ ಒರಾಸ್ ಬೆನೆಡಿಕ್ಟ್ ದ ಸೊಸ್ಯೂರ್ 1783ರಲ್ಲಿ ಗಾಳಿಯ ತೇವಾಂಶ ಅಳೆಯುವ ಒಂದು ಸಾಧನವನ್ನು ವಿವರಿಸಿ ಪುಸ್ತಕ ಪ್ರಕಟಿಸಿದ. ಅದರ ಮುಖ್ಯ ಭಾಗ ಏನು ಗೊತ್ತೆ? ಜಿಡ್ಡು ತೆಗೆದು ಶುದ್ಧಗೊಳಿಸಿದ ಮನುಷ್ಯನ ಒಂದು ತಲೆಗೂದಲು! ಗಾಳಿಯಲ್ಲಿ ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಪೂರ್ತಿ ಒಣಗಿದ ಸ್ಥಿತಿಗೂ ತೇವ ತುಂಬಿದ ಸ್ಥಿತಿಗೂ ನೂರಕ್ಕೆ ಸುಮಾರು ಎರಡರಷ್ಟು ವ್ಯತ್ಯಾಸ. ಕೂದಲಿಗೆ ಜೋಡಿಸಿದ ಮುಳ್ಳು ಆ ವ್ಯತ್ಯಾಸವನ್ನು ದೊಡ್ಡದಾಗಿ ತೋರಿಸುತ್ತದೆ. ಈ ಹೈಗ್ರೋಮೀಟರನ್ನು ಹವಾಮಾನ ಕೇಂದ್ರಗಳು ಬಹುಕಾಲ ಬಳಸಿದವು.

ಅಂದರೆ ನಿಮ್ಮ ತಲೆಯ ಮೇಲಿರುವುದು ಸುಮಾರು ಒಂದು ಲಕ್ಷ ಹೈಗ್ರೋಮೀಟರುಗಳು. ಮುಂಗುರುಳು ಕತ್ತರಿಸಿಕೊಳ್ಳುವುದೆಂದರೆ ಅವುಗಳಲ್ಲಿ ಕೆಲವು ಸಾವಿರವನ್ನು ತಂದು ಹಣೆಯ ಮೇಲೆ ತೂಗುಹಾಕಿದಂತೆ.

ಕೂದಲು ಕೆರಟಿನ್ ಎಂಬ ಪ್ರೋಟೀನಿನಿಂದ ಆಗಿದೆ. ಕುರಿಯ ಉಣ್ಣೆಯೂ ಕೆರಟಿನ್ನೇ. ಆದ್ದರಿಂದ ಕೂದಲಿನ ರಹಸ್ಯ ತಿಳಿದದ್ದು ಬಟ್ಟೆ ಗಿರಣಿಗಳ ನಾಡಿನಲ್ಲಿ. ಇಂಗ್ಲೆಂಡಿನ ಲೀಡ್ಸ್‌ನಲ್ಲಿ ವಿಲಿಯಂ ಆಸ್ಟ್‌ಬರಿ 1930ರ ದಶಕದಲ್ಲಿ ಉಣ್ಣೆ ಮತ್ತು ಕೂದಲಿನ ಮೂಲಕ ಎಕ್ಸ್-ಕಿರಣ ಹಾಯಿಸಿ, ಹಿಗ್ಗಿಸಿದಾಗ ಅದರ ಅಣುಗಳ ಜೋಡಣೆ ಬದಲಾಗುತ್ತದೆಂದು ತೋರಿಸಿದ. ಆ ಜೋಡಣೆ ಎಂಥದು ಎಂಬ ಒಗಟು 1948ರಲ್ಲಿ ಲೈನಸ್ ಪಾಲಿಂಗ್‌ಗೆ ಬಿಡಿಸಿತು. ಆಕ್ಸ್‌ಫರ್ಡ್‌ನಲ್ಲಿ ನೆಗಡಿಯಾಗಿ ಹಾಸಿಗೆಯಲ್ಲಿದ್ದಾಗ ಕಾಗದದ ಮೇಲೆ ಪ್ರೋಟೀನ್ ಸರಪಳಿಯ ಚಿತ್ರ ಬರೆದು, ಕಾಗದವನ್ನೇ ಮಡಚಿ ನೋಡಿದ. ಸರಪಳಿ ಸುರುಳಿಯಾಗಿ ಕೂತಿತು. 1951ರಲ್ಲಿ ಸಹೋದ್ಯೋಗಿಗಳೊಡನೆ ಅದನ್ನು ಪ್ರಕಟಿಸಿದ. ಅದೇ ಇಂದು ನೀವು ಓದುವ ಆಲ್ಫಾ ಹೆಲಿಕ್ಸ್.

ಈ ಸರಪಳಿಗಳನ್ನು ಹಿಡಿದಿಡುವ ಬಂಧಗಳಲ್ಲಿ ಎರಡು ನಮಗೆ ಮುಖ್ಯ. ಒಂದು, ಗಂಧಕದ ಪರಮಾಣುಗಳ ನಡುವಿನ ಡೈಸಲ್ಫೈಡ್ ಬಂಧ. ಇದು ಗಟ್ಟಿ, ನೀರಿಗೆ ಬಗ್ಗುವುದಿಲ್ಲ. ಇನ್ನೊಂದು ಜಲಜನಕದ ಬಂಧ. ಇದು ದುರ್ಬಲ, ಆದರೆ ಸಂಖ್ಯೆಯಲ್ಲಿ ಬಹಳ. ನೀರು ತಾಗಿದರೆ ಬಿಡುತ್ತದೆ, ಒಣಗಿದಾಗ ಮತ್ತೆ ಕೂಡುತ್ತದೆ. ರಾತ್ರಿ ಒದ್ದೆ ಕೂದಲನ್ನು ಜಡೆ ಹಾಕಿ ಮಲಗಿದರೆ ಬೆಳಿಗ್ಗೆ ಅಲೆ ಮೂಡುವುದು ಈ ಎರಡನೆಯ ಬಂಧದಿಂದ. ತಲೆಗೆ ನೀರು ಹಾಕಿಕೊಂಡರೆ ಆ ಅಲೆ ಮಾಯವಾಗುವುದೂ ಇದರಿಂದಲೇ.

ಹುಟ್ಟಿನಿಂದ ಬಂದ ಅಲೆಯ ಮೂಲ ಇನ್ನೂ ಆಳದಲ್ಲಿದೆ. ಕೂದಲು ಬೆಳೆಯುವ ಗುಣಿ ನೆಟ್ಟಗಿದ್ದರೆ ಕೂದಲು ನೆಟ್ಟಗೆ, ಗುಣಿ ಬಾಗಿದ್ದರೆ ಕೂದಲೂ ಬಾಗುತ್ತದೆ. ಯಾವ ಎಣ್ಣೆಯೂ, ಯಾವ ಶಾಂಪೂವೂ ಆ ಗುಣಿಯ ಆಕಾರವನ್ನು ತಿದ್ದಲಾರದು. ಇಸ್ತ್ರಿಯಂಥ ಬಿಸಿ ಸಾಧನದಿಂದ ನೇರ ಮಾಡಿದ ಅಲೆಗೂದಲು ತೇವದ ಗಾಳಿಗೆ ಬಂದಾಗ ಜಲಜನಕದ ಬಂಧಗಳು ಸಡಿಲವಾಗುತ್ತವೆ. ಪ್ರತಿ ಎಳೆಯೂ ತನ್ನ ಹುಟ್ಟುಗುಣಕ್ಕೆ ಮರಳಲು ಹೊರಡುತ್ತದೆ. ಪಕ್ಕದ ಎಳೆ ಅದೇ ದಿಕ್ಕಿಗೆ, ಅದೇ ವೇಗದಲ್ಲಿ ಬಾಗುವುದಿಲ್ಲ. ಒಂದಕ್ಕೊಂದು ಹೊಂದದೆ ಎಲ್ಲವೂ ಹೊರಗೆ ಚಾಚಿಕೊಳ್ಳುತ್ತವೆ. ಕೂದಲು ಕೆದರುವುದು ಎಂದರೆ ಇಷ್ಟೇ. ಬಿಸಿಯಿಂದಲೋ ರಾಸಾಯನಿಕದಿಂದಲೋ ಹೊರಪದರ ಸವೆದ ಕೂದಲು ಬೇಗ ನೀರು ಹೀರಿ ಇನ್ನೂ ಹೆಚ್ಚು ಕೆದರುತ್ತದೆ.

ಆ ಗಟ್ಟಿ ಬಂಧವನ್ನೇ ಬದಲಿಸಲು ಹೊರಟವರ ಕಥೆಯೂ ಇದೆ. ಪ್ಯಾರಿಸ್ಸಿನ ಮಾರ್ಸೆಲ್ ಗ್ರಾತೋ 19ನೇ ಶತಮಾನದ ಕೊನೆಯ ಭಾಗದಲ್ಲಿ ಕಾದ ಇಕ್ಕಳದಿಂದ ನೇರ ಕೂದಲಿಗೆ ಅಲೆ ಮೂಡಿಸಿ ಹೆಸರಾದ. ಜರ್ಮನಿಯಲ್ಲಿ ಹುಟ್ಟಿದ ಕಾರ್ಲ್ ನೆಸ್ಲರ್ 20ನೇ ಶತಮಾನದ ಮೊದಲ ದಶಕದಲ್ಲಿ ಲಂಡನ್ನಿನಲ್ಲಿ ಬಿಸಿ ಹಿತ್ತಾಳೆ ಸರಳುಗಳನ್ನೂ ಕ್ಷಾರ ದ್ರಾವಣವನ್ನೂ ಬಳಸಿ 'ಶಾಶ್ವತ ಅಲೆ'ಯನ್ನು ಪ್ರದರ್ಶಿಸಿದ. ಮೊದಲ ಪ್ರಯೋಗಗಳು ನಡೆದದ್ದು ಅವನ ಹೆಂಡತಿ ಕ್ಯಾಥರಿನಾಳ ತಲೆಯ ಮೇಲೆ. ಆಕೆಯ ಕೂದಲು ಸುಟ್ಟುಹೋಯಿತು, ನೆತ್ತಿಯೂ ಸುಟ್ಟಿತು. ನೇರ ಕೂದಲಿನವರು ಅಲೆಗಾಗಿ ಇಷ್ಟು ಕಷ್ಟಪಟ್ಟರು. ಅಲೆ ಇದ್ದವರು ನೇರ ಮಾಡಲು ಇಂದು ಅಷ್ಟೇ ಕಷ್ಟಪಡುತ್ತಾರೆ! ಒಂದು ಎಚ್ಚರಿಕೆ: ಕೂದಲನ್ನು ನೇರ ಮಾಡುವ ಕೆಲವು ದ್ರಾವಣಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಅನಿಲವನ್ನು ಬಿಡುತ್ತವೆ. ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗ 2004ರಲ್ಲೇ ನಿರ್ಧರಿಸಿದೆ. ಪುಟ್ಟ ಮುಂಗುರುಳಿಗಾಗಿ ಅಂಥದಕ್ಕೆ ತಲೆಯೊಡ್ಡುವ ಮುನ್ನ ಸೀಸೆಯ ಮೇಲಿನ ಅಕ್ಷರಗಳನ್ನು ಓದಿ.

ನಾನು ಮಾಡಿದ ತಪ್ಪು

ಬಿ.ಎಸ್ಸಿ. ಎರಡನೆಯ ವರ್ಷದಲ್ಲಿ, ಇದೆಲ್ಲವನ್ನೂ ಪರೀಕ್ಷೆಗಾಗಿ ಓದಿದ್ದರೂ, ನಾನು ಒಂದು ಜೂನ್ ತಿಂಗಳಲ್ಲಿ ಮಂಗಳೂರಿನಲ್ಲಿ ಮುಂಗುರುಳು ಕತ್ತರಿಸಿಕೊಂಡೆ. ನನ್ನದೂ ಅಲೆಗೂದಲೇ. ಪಾರ್ಲರಿನವರು ಕೂದಲನ್ನು ಒದ್ದೆ ಮಾಡಿ, ಬಾಚಣಿಗೆಯಿಂದ ಬಿಗಿಯಾಗಿ ಎಳೆದು, ಹುಬ್ಬಿನ ಮಟ್ಟಕ್ಕೆ ಸರಿಯಾಗಿ ಕತ್ತರಿಸಿದರು. ಕನ್ನಡಿಯಲ್ಲಿ ನೋಡಿ ಹಿಗ್ಗಿದೆ. ಹಾಸ್ಟೆಲ್ ತಲುಪುವಷ್ಟರಲ್ಲಿ ಅದು ಒಣಗಿ ನಡುಹಣೆಗೆ ಏರಿತ್ತು. ಸಂಜೆ ಮಳೆಗಾಳಿ ಬೀಸಿದಾಗ ಹಂಚಿನ ಮನೆಯ ಸೂರಿನಂತೆ ಮುಂದಕ್ಕೆ ಚಾಚಿ ನಿಂತಿತು. ಮೂರು ತಿಂಗಳು ಹೇರ್ ಪಿನ್ ಹಾಕಿಕೊಂಡು ತಿರುಗಿದೆ. ಪಾರ್ಲರಿನವರನ್ನು ದೂರುತ್ತಿದ್ದೆ. ನಿಜವಾಗಿ ದೂರಬೇಕಾದದ್ದು ಪುಸ್ತಕದಲ್ಲಿ ಓದಿದ್ದನ್ನು ತಲೆಗೆ ಅನ್ವಯಿಸದ ನನ್ನನ್ನೇ.

ಏನಾಗಿತ್ತೆಂದರೆ, ಉದ್ದ ಕೂದಲಿನ ಭಾರ ಅಲೆಯನ್ನು ಕೆಳಕ್ಕೆ ಎಳೆದು ಹಿಡಿದಿರುತ್ತದೆ. ಗಿಡ್ಡ ಮಾಡಿದರೆ ಭಾರ ಹೋಗಿ ಅಲೆ ಸ್ಪ್ರಿಂಗಿನಂತೆ ಮೇಲೇರುತ್ತದೆ. ಒದ್ದೆ ಕೂದಲು ಎಳೆದಷ್ಟೂ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಜೊತೆಗೆ ಹಣೆಯ ಬೆವರು. ಜೊತೆಗೆ ಕರಾವಳಿಯ ಜೂನ್.

ನೀವು ತೀರ್ಮಾನಿಸುವುದು ಹೇಗೆ?

ನಾನು ಕಲಿತದ್ದನ್ನು ನಿಮ್ಮ ಮುಂದಿಡುತ್ತೇನೆ.

ಮೊದಲನೆಯದಾಗಿ, ಊರನ್ನೂ ತಿಂಗಳನ್ನೂ ನೋಡಿ. ಕಲಬುರ್ಗಿಯ, ಬಳ್ಳಾರಿಯ ಒಣ ಗಾಳಿಯಲ್ಲಿ ಸುಮ್ಮನೆ ಕೂರುವ ಮುಂಗುರುಳು ಕಾರವಾರದಲ್ಲಿ ಕೂರದು. ಬೆಂಗಳೂರಿನ ಫೆಬ್ರವರಿ ಬೇರೆ, ಆಗುಂಬೆಯ ಜುಲೈ ಬೇರೆ. ಮಳೆಗಾಲ ಮುಗಿಯುವವರೆಗೆ ಕಾಯುವುದರಲ್ಲಿ ನಷ್ಟವೇನಿಲ್ಲ.

ಎರಡನೆಯದಾಗಿ, ಕತ್ತರಿಸುವ ಮುನ್ನ ಪರೀಕ್ಷೆ ಮಾಡಿ. ಕೂದಲನ್ನು ನೆತ್ತಿಯ ಮೇಲೆ ಒಟ್ಟುಗೂಡಿಸಿ ರಬ್ಬರ್ ಬ್ಯಾಂಡ್ ಹಾಕಿ, ತುದಿಯನ್ನು ಹಣೆಯ ಮೇಲೆ ಇಳಿಬಿಟ್ಟು ಪಿನ್ನಿನಿಂದ ನಿಲ್ಲಿಸಿ. ರಜೆಯ ಒಂದು ದಿನ ಮನೆಯಲ್ಲಿ ಹಾಗೆಯೇ ಇರಿ. ಸೆಖೆ, ಕಣ್ಣಿಗೆ ಬೀಳುವ ಕಿರಿಕಿರಿ, ಕನ್ನಡಕವಿದ್ದರೆ ಅದರ ತೊಡಕು, ಎಲ್ಲವೂ ತಿಳಿಯುತ್ತದೆ. ಹಣೆಯಲ್ಲಿ ಮೊಡವೆ ಇದ್ದವರು ಇನ್ನೊಂದನ್ನು ನೆನಪಿಡಬೇಕು: ಎಣ್ಣೆ ಹಚ್ಚಿದ ಕೂದಲು ದಿನವಿಡೀ ಹಣೆಗೆ ತಾಗಿದರೆ ಮೊಡವೆ ಹೆಚ್ಚಬಹುದು.

ಮೂರನೆಯದಾಗಿ, ಕತ್ತರಿಸುವುದೇ ಆದರೆ ಒಣ ಕೂದಲನ್ನು, ಅದರ ಸಹಜ ಅಲೆಯಲ್ಲೇ ಇರುವಾಗ ಕತ್ತರಿಸಲು ಹೇಳಿ. ಬೇಕಾದ್ದಕ್ಕಿಂತ ಎರಡು ಬೆರಳು ಉದ್ದವಾಗಿಯೇ ನಿಲ್ಲಿಸಿ. ಉಳಿದದ್ದನ್ನು ಮುಂದಿನ ವಾರ ಕತ್ತರಿಸಬಹುದು, ಕತ್ತರಿಸಿದ್ದನ್ನು ಅಂಟಿಸಲಾಗದು. ಅಳತೆಪಟ್ಟಿ ಇಟ್ಟಂಥ ನೇರ ಅಂಚಿಗಿಂತ, ನಡುವೆ ಬೈತಲೆ ತೆಗೆದು ಎರಡೂ ಕಡೆ ಇಳಿಬಿಡುವ ಉದ್ದನೆಯ ಮುಂಗುರುಳು ಅಲೆಗೂದಲಿಗೆ ಒಗ್ಗುತ್ತದೆ. ಕೆದರಿದಾಗ ಕಿವಿಯ ಹಿಂದೆ ಸಿಕ್ಕಿಸಿಕೊಳ್ಳಬಹುದು.

ನಾಲ್ಕನೆಯದು ಲೆಕ್ಕ. ಕೂದಲು ತಿಂಗಳಿಗೆ ಸುಮಾರು 1.25 ಸೆಂಟಿಮೀಟರ್ ಬೆಳೆಯುತ್ತದೆ. ಹುಬ್ಬಿನ ಮಟ್ಟದ ಮುಂಗುರುಳು ಗಲ್ಲದವರೆಗೆ ಇಳಿಯಲು ಸುಮಾರು 12 ಸೆಂಟಿಮೀಟರ್ ಬೆಳೆಯಬೇಕು. ಅಂದರೆ ಒಂಬತ್ತು ಹತ್ತು ತಿಂಗಳು. ಜೂನ್‌ನಲ್ಲಿ ಕತ್ತರಿಸಿ ಬೇಡವೆನಿಸಿದರೆ ಮಾರ್ಚಿಯ ಪರೀಕ್ಷೆಯವರೆಗೂ ಅದು ಜೊತೆಗಿರುತ್ತದೆ. ಹತ್ತು ತಿಂಗಳು ದೊಡ್ಡ ಕಾಲವಲ್ಲ, ಆದರೆ ಗೊತ್ತಿದ್ದು ಕತ್ತರಿಸುವುದು ಬೇರೆ, ಗೊತ್ತಿಲ್ಲದೆ ಕತ್ತರಿಸುವುದು ಬೇರೆ.

ಐದನೆಯದಾಗಿ, ದಿನನಿತ್ಯದ ಆರೈಕೆ. ಒಣ ಕೂದಲನ್ನು ಪದೇ ಪದೇ ಬಾಚಬೇಡಿ, ಬಾಚಿದಷ್ಟೂ ಕೆದರುತ್ತದೆ. ಒರಟು ಟವೆಲಿನಿಂದ ತಿಕ್ಕುವ ಬದಲು ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ನಮ್ಮ ಮಲೆನಾಡಿನಲ್ಲಿ ತಲೆಸ್ನಾನಕ್ಕೆ ದಾಸವಾಳದ ಎಲೆಯ, ಮತ್ತಿ ಸೊಪ್ಪಿನ ಲೋಳೆ ಹಚ್ಚುವುದುಂಟು. ಲೋಳೆ ಎಳೆಗಳ ನಡುವಿನ ಉಜ್ಜಾಟವನ್ನು ತಗ್ಗಿಸುತ್ತದೆ. ಅಂಗಡಿಯ ಕಂಡೀಷನರ್ ಮಾಡುವ ಕೆಲಸವೂ ಮುಖ್ಯವಾಗಿ ಇದೇ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಏಕೆ ಬೇಕು ಎಂದು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇಷ್ಟವೆಂದು ಬೇಕಾದರೆ ಅದೇ ಸಾಕಾದ ಕಾರಣ. ಹಣೆ ಅಗಲ, ಕೂದಲು ಒರಟು ಎಂದು ಯಾರೋ ಹೇಳಿದ್ದನ್ನು ಮುಚ್ಚಿಡಲು ಬೇಕಾದರೆ, ಕತ್ತರಿಯನ್ನು ಒಂದು ತಿಂಗಳು ಪೆಟ್ಟಿಗೆಯಲ್ಲಿಡಿ. ಅಷ್ಟರಲ್ಲಿ ಸಾಧ್ಯವಾದರೆ 'ಪರಖ್' ಚಿತ್ರ ನೋಡಿ.

ಅಮ್ಮ ಬೈಯುತ್ತಾರೆ ಎಂದಳಲ್ಲ ಆ ಹುಡುಗಿ, ಅದಕ್ಕೂ ಒಂದು ಮಾತು. ಅಮ್ಮನೊಡನೆ ಜಗಳ ಆಡುವ ಬದಲು, ಅವರ ಹದಿನೇಳನೆಯ ವಯಸ್ಸಿನ ಫೋಟೋ ಇದ್ದರೆ ಕೇಳಿ ಪಡೆದು ಇಬ್ಬರೂ ಕೂಡಿ ನೋಡಿ. ನಮ್ಮ ಮನೆಯಲ್ಲಿ ದೊಡ್ಡಮ್ಮನ ಫೋಟೋ ಇದೆ. ಕಪ್ಪು ಬಿಳುಪಿನದು. ಹಣೆಯ ಮೇಲೆ ಮುಂಗುರುಳು, ಸ್ವಲ್ಪ ಕೆದರಿದೆ. ಪಕ್ಕದಲ್ಲಿ ಸೆರಗು ಹೊದ್ದ ದೊಡ್ಡತ್ತೆ. ಅವರು ಕ್ಯಾಮೆರಾ ಕಡೆಗೆ ನೋಡುತ್ತಿಲ್ಲ, ದೊಡ್ಡಮ್ಮನ ಹಣೆಯನ್ನೇ ನೋಡುತ್ತಿದ್ದಾರೆ.

ಆ ಹುಡುಗಿ ಏನು ತೀರ್ಮಾನಿಸಿದಳೋ ನನಗೆ ತಿಳಿಯದು. ಈ ಪುಟ ಅವಳ ಕೈಸೇರಿದರೆ ಹೇಳುವುದಿಷ್ಟೇ: ನಿನ್ನಂಥ ಕೂದಲಿಗೂ ಅದು ಆಗುತ್ತದಮ್ಮ. ಮಳೆಗಾಲ ಕಳೆಯಲಿ, ಒಣ ಕೂದಲಿನಲ್ಲಿ ಕತ್ತರಿಸಲಿ, ಎರಡು ಬೆರಳು ಉದ್ದ ಉಳಿಸಲಿ. ಬೇಡವೆನಿಸಿದರೆ ಬೇಡ. ಎರಡರಲ್ಲಿ ಯಾವುದಾದರೂ ಸರಿ, ಹೇಳಬೇಕಾದವಳು ನೀನು.